ಪರದೆಯ ಹಿಂದಿನ ಬಿಲ್ಲುಗಾರ

ನಮ್ಮ ಮನೆಯಲ್ಲಿ ದಿನವೂ ಬೆಳಿಗ್ಗೆ ಲಿಂಗವನ್ನು ಎಡಗೈಯ ಮೇಲೆ ಇಟ್ಟುಕೊಂಡೇ ಪೂಜೆ ಮಾಡುತ್ತಿದ್ದೆವು. ಶಿವನೇ ಕೂರುವ ಕೈ ಅದು. ಪೂಜೆ ಮುಗಿಸಿ ಊಟಕ್ಕೆ ಕುಳಿತರೆ ಮಾತ್ರ ಅದೇ ಕೈ ಅನಿಷ್ಟವಾಗಿಬಿಡುತ್ತಿತ್ತು. ನಾನು ಹುಟ್ಟಿನಿಂದಲೇ ಎಡಚಿ. ರೊಟ್ಟಿ ಮುರಿಯಲು ಎಡಗೈ ತಾನಾಗಿ ಮುಂದೆ ಹೋಗುತ್ತಿತ್ತು, ಅದರ ಹಿಂದೆಯೇ ಅತ್ತೆಯ ಸೌಟು ಬರುತ್ತಿತ್ತು.

ಈ ಅತ್ತೆ ಅಪ್ಪನ ಅಕ್ಕ. ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಹೊಸಪೇಟೆಯಲ್ಲಿ ಅವಳ ಬಳಿ ಬಿಟ್ಟು ಸಂಡೂರಿನ ಗಣಿಗೆ ಗುಮಾಸ್ತನಾಗಿ ಹೋಗಿದ್ದ. "ಲೇ ಎಡಚಿ, ಆ ಕೈ ಹಿಂದ ತಗಿ! ಮನಿಗೆ ಒಳ್ಳೇದಾಗಂಗಿಲ್ಲ" ಎಂದು ಅತ್ತೆ ಹಳೇ ಸೀರೆಯ ಅಂಚಿನಿಂದ ಅದನ್ನು ಸೊಂಟಕ್ಕೆ ಕಟ್ಟಿ ಉಣ್ಣಲು ಕೂರಿಸುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಯಾವ ಕೈ ಎಂದು ಗಾದೆ ಕಟ್ಟಿದವರು ಕೇಳಲಿಲ್ಲ, ನಮ್ಮತ್ತೆ ಕೇಳುತ್ತಿದ್ದಳು. ಪಂಕ್ತಿಯಲ್ಲಿ ನನ್ನ ಪಕ್ಕ ಯಾವ ಹುಡುಗಿಯೂ ಕೂರುತ್ತಿರಲಿಲ್ಲ. ನನಗಿದ್ದದ್ದು ಒಂದೇ ಆಸೆ. ಜಗತ್ತಿನಲ್ಲಿ ನನ್ನಂಥವರು ಇನ್ನೊಬ್ಬರಾದರೂ ಇರಲಿ ಎಂದು.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿಗೆ ಡೇರೆ ಸಿನಿಮಾ ಬಂತು. ಸಿನಿಮಾಕ್ಕೆ ಇನ್ನೂ ಮಾತು ಬಂದಿರಲಿಲ್ಲ. ಡೇರೆಯ ನಡುವೆ ಬಿಳಿ ಬಟ್ಟೆಯ ಪರದೆ. ಅದರ ಮುಂದೆ ಗಂಡಸರು, ಹಿಂದೆ ನಾವು ಹೆಂಗಸರು. ಮರ್ಯಾದಸ್ಥರ ಮನೆಯವರು ಹತ್ತು ಜನರ ಕಣ್ಣಿಗೆ ಬೀಳಬಾರದಲ್ಲ! ಆಟಕ್ಕೆ ಮೊದಲು ಆಳುಗಳು ಪರದೆಗೆ ಕೊಡಗಟ್ಟಲೆ ನೀರು ಎರಚುತ್ತಿದ್ದರು. ಬಟ್ಟೆ ತೊಯ್ದರೆ ಚಿತ್ರ ಹಿಂದಕ್ಕೂ ಚೆನ್ನಾಗಿ ಕಾಣುತ್ತಿತ್ತು. ನಡುನಡುವೆ ಇಂಗ್ಲಿಷಿನಲ್ಲಿ ಏನೋ ಬರಹ ಬರುತ್ತಿತ್ತು. ಅದು ನೆಟ್ಟಗಿತ್ತೋ ತಿರುಗಿತ್ತೋ ನಮಗೇನು ಗೊತ್ತು? ಮುಂದುಗಡೆ ಒಬ್ಬ ನಿಂತು ಕಥೆಯನ್ನು ಕೂಗಿ ಹೇಳುತ್ತಿದ್ದ, ಅಷ್ಟು ಸಾಕಾಗಿತ್ತು.

ಅಡವಿಯಲ್ಲಿ ಇರುವ ಬಿಲ್ಲುಗಾರ. ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಡುವವನು. ಮರದಿಂದ ಮರಕ್ಕೆ ಹಾರಿ ಬಂದು, ಬಲಗೈಯಲ್ಲಿ ಬಿಲ್ಲು ಹಿಡಿದು, ಎಡಗೈಯಿಂದ ಹೆದೆ ಎಳೆದ.

ಎಡಗೈಯಿಂದ! ನನ್ನ ಮೈ ಜುಮ್ಮೆಂದಿತು. ಆಮೇಲೆ ನೋಡಿದರೆ ಅವನೊಬ್ಬನೇ ಅಲ್ಲ. ಅವನ ಗೆಳೆಯರೂ ಎಡಗೈಯಲ್ಲೇ ಕತ್ತಿ ಹಿಡಿದಿದ್ದರು. ಅರಸನೂ ಎಡಗೈಯಲ್ಲೇ ಉಂಡ. ಊರಿಗೆ ಊರೇ ಎಡಚರು, ಯಾರ ಸೊಂಟಕ್ಕೂ ಕೈ ಕಟ್ಟಿರಲಿಲ್ಲ. ಪಕ್ಕದಲ್ಲಿ ಅತ್ತೆ ಬಾಯಿ ತೆರೆದು ನೋಡುತ್ತಿದ್ದಳು. ಪರದೆಯ ಮೇಲಿನವರ ಕೈ ಅವಳ ಕಣ್ಣಿಗೆ ಬೀಳಲೇ ಇಲ್ಲ, ಅವಳಿಗೆ ನನ್ನ ಕೈಯೊಂದೇ ಕಾಣುತ್ತಿದ್ದದ್ದು. ಹಟ ಮಾಡಿ ಮೂರು ಸಲ ಹೋದೆ. ಬಾಳೆನಾರಿನ ಹೆದೆ ಕಟ್ಟಿದ ಬಿಲ್ಲು ಮಾಡಿಕೊಂಡು ಹಿತ್ತಲಿನಲ್ಲಿ ಒಬ್ಬಳೇ ಬಾಣ ಬಿಟ್ಟೆ.

ಮದುವೆಯಾಗಿ ಕಂಪ್ಲಿಗೆ ಬಂದೆ. "ಅಲ್ಲೆ ಗೊತ್ತಾದ್ರ ಹೊಳ್ಳಿ ಕಳಸ್ತಾರ ನೋಡು" ಎಂದು ಹೊಸಪೇಟೆಯ ಅತ್ತೆ ಹೊರಡುವಾಗಲೇ ಹೆದರಿಸಿದ್ದಳು. ಹತ್ತು ಜನರ ಮುಂದೆ ಬಲಗೈಯಲ್ಲಿ ಉಣ್ಣುವುದನ್ನು ಅಷ್ಟರಲ್ಲಿ ಕಲಿತಿದ್ದೆ. ಆದರೆ ಆ ಮನೆಯಲ್ಲಿ ಸೊಸೆಯ ಊಟ ಎಲ್ಲರದೂ ಮುಗಿದ ಮೇಲೆ. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಎಡಗೈಯಲ್ಲಿ ಉಣ್ಣುತ್ತಿದ್ದೆ. ಆಗ ಬಿಲ್ಲುಗಾರನೂ ಅವನ ಜನರೂ ನನ್ನ ಪಂಕ್ತಿಗೆ ಬಂದು ಕೂರುತ್ತಿದ್ದರು. ನಗುವವರು ನಗಲಿ. ನನಗೆ ಬೇರೆ ಯಾರಿದ್ದರು?

ಯುದ್ಧದ ಕಾಲಕ್ಕೆ ಅದೇ ಬಿಲ್ಲುಗಾರನ ಕಥೆ ಮಾತನಾಡುವ ಚಿತ್ರವಾಗಿ ಹೊಸಪೇಟೆಗೆ ಬಂತು. ನನ್ನ ಗಂಡ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದವರು, ಒಳ್ಳೆಯ ಮನುಷ್ಯ. "ಅವ ಎಡಚ ಅದಾನ್ರಿ. ಭಾಳ ಶೂರ. ನೀವೂ ನೋಡ್ಬೇಕು" ಎಂದು ಬೆನ್ನುಹತ್ತಿದೆ. ಎಡಚನ ಶೌರ್ಯವನ್ನು ಅವರು ಕಣ್ಣಾರೆ ನೋಡಲಿ, ಮರಳುವ ದಾರಿಯಲ್ಲಿ ನನ್ನ ಗುಟ್ಟನ್ನೂ ಹೇಳಿಬಿಡೋಣ ಎಂದು ಲೆಕ್ಕ ಹಾಕಿದ್ದೆ.

ಮಧ್ಯಾಹ್ನದ ಆಟಕ್ಕೆ ಹೋದೆವು. ಈಗ ಕಟ್ಟಡವೇ ಇತ್ತು. ಹೆಂಗಸರ ಬೆಂಚುಗಳೂ ಪರದೆಯ ಮುಂದೆಯೇ ಇದ್ದವು. ಬಿಲ್ಲುಗಾರ ಹಾರಿ ಬಂದ, ಬಲಗೈಯಿಂದ ಹೆದೆ ಎಳೆದ. ನೂರು ಸಲ ಎಳೆದರೂ ಬಲಗೈಯಿಂದಲೇ. ಅರಸನೂ ಬಲಗೈಯಲ್ಲೇ ಉಂಡ.

ಹೊರಗೆ ಬಂದವಳೇ, "ಇವ ಅವನಲ್ರಿ. ಯಾವನನ್ನೋ ತಂದು ನಿಲ್ಸ್ಯಾರ" ಎಂದೆ.

"ಅವಾಗ ನೀ ಎಲ್ಲಿ ಕುಂತಿದ್ದಿ?" ಎಂದು ಕೇಳಿದರು. ಪರದೆಯ ಹಿಂದೆ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಆಟದ ಹ್ಯಾಂಡ್‌ಬಿಲ್ಲು ಅವರ ಕೈಯಲ್ಲಿತ್ತು, ತೆಳುವಾದ ಹಳದಿ ಕಾಗದ, ಅದರ ಮೇಲೆ ಬಿಲ್ಲುಗಾರನ ಚಿತ್ರ. ಅದನ್ನು ಬಿಸಿಲಿಗೆ ಎತ್ತಿ ಹಿಡಿದು ನನ್ನನ್ನು ಹಿಂದುಗಡೆ ನಿಲ್ಲಿಸಿದರು. "ಈಗ ನೋಡು. ಎಡಚ ಆದ್ನಿಲ್ಲ? ಹಿಂದಿಂದ ನೋಡಿದ್ರ ಎಲ್ಲಾರೂ ಎಡಚರ!"

ಬಿಸಿಲಿನಲ್ಲಿ ನನ್ನ ಬಿಲ್ಲುಗಾರ ಒಂದು ಗಳಿಗೆ ಎಡಗೈಯಿಂದ ಹೆದೆ ಎಳೆದು ನಿಂತಿದ್ದ. ಅವರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

"ಚಿತ್ರ ಮಸ್ತ್ ಇತ್ತಲ್ಲ, ಅಳ್ತಿ ಯಾಕ?" ಎಂದರು. ಧೂಳು ಎಂದೆ. ಕಂಪ್ಲಿ ಮುಟ್ಟುವವರೆಗೂ ಅವರು ಬಿಲ್ಲುಗಾರನನ್ನು ಹೊಗಳುತ್ತಲೇ ಇದ್ದರು. ಹೇಳಬೇಕೆಂದಿದ್ದ ಮಾತು ನನ್ನಲ್ಲೇ ಉಳಿಯಿತು. ಆಮೇಲೂ ಹೇಳಲಿಲ್ಲ.

ಮರುದಿನ ಎಲ್ಲರ ಊಟ ಮುಗಿಯಿತು. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ತಟ್ಟೆ ಎಳೆದುಕೊಂಡು ಎಡಗೈಯಲ್ಲೇ ಉಂಡೆ. ಅಷ್ಟು ವರ್ಷಗಳಲ್ಲಿ ಅವತ್ತೇ ಮೊದಲ ಸಲ ನಾನು ಒಬ್ಬಳೇ ಉಂಡದ್ದು.