ಬಿಸಿಲಿಗೆಂದು ಕೊಟ್ಟ ಟೋಪಿ

ಗೂಡ್ಸ್ ಆಟೊದ ಡ್ರೈವರ್ ಸೀಟಿನ ಕೆಳಗೆ ಪೆಟ್ಟಿಗೆಯಂಥ ಒಂದು ಜಾಗ ಇರುತ್ತದೆ. ನೀವು ಎಂದಾದರೂ ಅದರಲ್ಲಿ ಇಣುಕಿದ್ದೀರೋ ಇಲ್ಲವೋ. ಜಾಕು, ಪಾನಾ, ಹಗ್ಗ, ಒರೆಸುವ ಅರಿವೆ, ಗಾಡಿಯ ಕಾಗದಪತ್ರ, ಇಷ್ಟು ಎಲ್ಲರ ಗಾಡಿಯಲ್ಲೂ ಸಿಗುತ್ತವೆ. ನನ್ನ ಗಾಡಿಯಲ್ಲಿ ಇವೆಲ್ಲದರ ಅಡಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಬಿಳಿ ಟೋಪಿಯೂ ಇತ್ತು. ಹೋದ ವಾರ ಗಾಡಿ ಮಾರುವುದೆಂದು ನಿಶ್ಚಯವಾಗಿ ಪೆಟ್ಟಿಗೆ ಖಾಲಿ ಮಾಡುವಾಗ ಅದು ಮತ್ತೆ ಕೈಗೆ ಬಂತು.

ಬಿಳಿ ಎನ್ನುವುದು ಹಳೆಯ ಮಾತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಸಾಗಿಸುವ ಗಾಡಿಯಲ್ಲಿ ಯಾವುದೂ ಬಿಳಿಯಾಗಿ ಉಳಿಯುವುದಿಲ್ಲ. ಟೋಪಿಯ ಚೀಲ ಬಿಚ್ಚಿದೆ, ನಾಲ್ಕು ಸಲ ಸೀನಿದೆ. ಇಷ್ಟು ವರ್ಷದಲ್ಲಿ ಎರಡು ಗಾಡಿ ಬದಲಾಯಿಸಿದ್ದೇನೆ. ಎರಡು ಸಲವೂ ಟೋಪಿ ಹಳೆಯ ಗಾಡಿಯಿಂದ ಹೊಸದಕ್ಕೆ ಬಂದಿದೆ. ಒಮ್ಮೆಯೂ ತಲೆಗೆ ಹಾಕಿಕೊಂಡಿಲ್ಲ, ಎಸೆಯಲೂ ಇಲ್ಲ. ಅದು ನನ್ನದಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ದಿನದ ಮಟ್ಟಿಗೆ ನನ್ನ ತಂಗಿ ಗಿರಿಜಾಳ ತಲೆಯ ಮೇಲೆ ಇರಬೇಕಾಗಿದ್ದ ಟೋಪಿ ಅದು.

ನಾವು ಹಲಗೇರಿಯವರು. ಗಿರಿಜಾ ನನಗಿಂತ ಆರು ವರ್ಷ ಚಿಕ್ಕವಳು. ಆಗ ರಾಣೇಬೆನ್ನೂರಿಗೆ ಕಾಲೇಜಿಗೆ ಹೋಗುತ್ತಿದ್ದಳು, ಖೋ ಖೋ ಆಡುತ್ತಿದ್ದಳು. ಆಡುತ್ತಿದ್ದಳು ಅಂದರೆ ಸಾಲದು. ಕಂಬದ ಹತ್ತಿರ ಬಂದು ಮೈ ತಿರುಗಿಸಿದಳೆಂದರೆ ಬೆನ್ನು ಹತ್ತಿದವಳ ಕೈಗೆ ಬರೀ ಗಾಳಿ ಸಿಗುತ್ತಿತ್ತು. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಶಾಲೆಯೂ ನನ್ನನ್ನು ಹಿಡಿದು ನಿಲ್ಲಿಸಲು ಬಹಳ ಪ್ರಯತ್ನಪಟ್ಟಂತೆ ಕಾಣಲಿಲ್ಲ. ಅಕ್ಷರ ಗೊತ್ತಿದ್ದವು. ಆದರೆ ಒಂದಕ್ಕೆ ಇನ್ನೊಂದನ್ನು ಕೂಡಿಸಿ ಶಬ್ದ ಮಾಡುವುದರೊಳಗೆ ನನಗೆ ಬೆವರು ಬರುತ್ತಿತ್ತು. ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಬ್ಯಾಡಗಿಯಲ್ಲಿ ಗಾಡಿ ಹೊಡೆಯುವ ಮಗ, ಯಾವ ಕೋಲ್ಡ್ ಸ್ಟೋರೇಜ್ ಎಲ್ಲಿದೆ, ಯಾವ ದಲಾಲಿ ಅಂಗಡಿ ಯಾವ ಸಾಲಿನಲ್ಲಿದೆ ಎಲ್ಲ ಬಲ್ಲವನು ಎಂದು ಅವ್ವ ಓಣಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಅಂಗಡಿಗಳನ್ನು ನಾನು ಗುರುತು ಹಿಡಿಯುವುದು ಬೋರ್ಡಿನಿಂದಲ್ಲ, ಬಾಗಿಲಿನ ಬಣ್ಣದಿಂದ ಎಂದು ನಾನೂ ಹೇಳಿರಲಿಲ್ಲ. ಒಂದು ದೀಪಾವಳಿಗೆ ಒಬ್ಬರು ಬಾಗಿಲಿಗೆ ಹೊಸ ಬಣ್ಣ ಬಳಿಸಿದಾಗ ಅವರ ಚೀಲಗಳನ್ನು ಪಕ್ಕದವರಲ್ಲಿ ಇಳಿಸಿ ಬೈಸಿಕೊಂಡದ್ದುಂಟು.

ಆ ವರ್ಷ ಗಿರಿಜಾಳ ತಂಡಕ್ಕೆ ಬೆಂಗಳೂರಿನಲ್ಲಿ ಮೂರು ದಿನದ ಪಂದ್ಯ ಬಂತು. ಹುಡುಗಿಯೊಬ್ಬಳನ್ನೇ ಕಳಿಸಲು ಅವ್ವ ಒಪ್ಪಲಿಲ್ಲ. ಅವಳಿಗೆ ಆಟ ಕಲಿಸಿದ ಸರ್, "ಅಣ್ಣ ಬರ್ಲಿ ಬಿಡ್ರಿ, ನಮಗೂ ಸಾಮಾನು ಹೊರಾಕ ಒಬ್ಬ ಬೇಕು," ಎಂದರು. ಹೀಗೆ ನಾನು ಹೊರಟೆ.

ಪಂದ್ಯದ ಕಾಗದ ಬಂದ ದಿನವೇ ಗಿರಿಜಾ ನೋಡಿಟ್ಟುಕೊಂಡಿದ್ದಳು: ಎರಡನೇ ದಿನ ಅವರ ತಂಡಕ್ಕೆ ಆಟ ಇರಲಿಲ್ಲ. ಅಂಗಡಿಯವರು ಪುಟಾಣಿ ಕಟ್ಟಿಕೊಟ್ಟ ಪೇಪರಿನ ತುಂಡೊಂದನ್ನು ಅವಳು ಯಾವಾಗಿನಿಂದಲೋ ಪುಸ್ತಕದಲ್ಲಿ ಇಟ್ಟುಕೊಂಡಿದ್ದಳು. ಅದರಲ್ಲಿ ಒಂದು ಹಳ್ಳಿಯ ಚಿತ್ರ. ಹೆಂಚಿನ ಮನೆಗಳು, ಮನೆಗಳ ಮೇಲೆ ಬಾಗಿದ ಗಿಡಗಳು, ಗಿಡದ ತುಂಬ ದೊಡ್ಡ ದೊಡ್ಡ ಕೊಕ್ಕರೆಗಳು. ಕೊಕ್ಕರೆ ಬೆಳ್ಳೂರು. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ, ಮದ್ದೂರಿನ ಕಡೆ.

"ಅಣ್ಣಾ, ಅಲ್ಲಿ ಮಂದಿ ಹಕ್ಕಿ ಕೂಡೋ ಗಿಡಾ ಕಡಿಯಂಗಿಲ್ಲಂತ. ಹೆಣ್ಮಕ್ಕಳು ಬಾಣಂತನಕ್ಕ ತವರಿಗೆ ಬರ್ತಾರಲ್ಲ, ಹಂಗ ಬರ್ತಾವಂತ ಅವು. ಹಕ್ಕಿ ಹಿಕ್ಕಿ ಹಾಕಿದ್ರೂ ಬೈಯಂಗಿಲ್ಲಂತ."

ನನ್ನ ಜೊತೆ ಗಾಡಿ ಹೊಡೆಯುತ್ತಿದ್ದ ಮಾಬುಸಾಬ ಇದನ್ನು ಕೇಳಿ ನಕ್ಕದ್ದು ಇನ್ನೂ ನೆನಪಿದೆ. "ಹಲಗೇರಿ ಬಿಟ್ಟು ಬೆಂಗಳೂರಿಗೆ ಹೋಗೋದು, ಬೆಂಗಳೂರಿಂದ ಮತ್ತ ಹಳ್ಳಿಗೆ ಹೋಗೋದು. ಎಂಥಾ ತಿರಗಾಟನೋ ದೋಸ್ತ ಇದು? ನಿಮ್ಮ ಕೆರಿ ದಂಡಿಗೆ ಹೋಗಿ ನಿಂದರು, ಬೆಳ್ಳಕ್ಕಿ ಸಾಕಾಗುವಷ್ಟು ಅದಾವ. ಪುಕಟ್." ಅವ್ವನದೂ ಅದೇ ಮಾತು. ಜಿಂಕೆ ನೋಡಬೇಕೆಂದರೆ ರಾಣೇಬೆನ್ನೂರಿನ ಮಗ್ಗುಲಿಗೇ ಕೃಷ್ಣಮೃಗಗಳಿವೆ. ಅವನ್ನು ನೋಡಲು ನಮ್ಮ ಮನೆಯಿಂದ ಯಾರೂ ಹೋದವರಲ್ಲ. ಬೆಳೆ ತಿನ್ನಲು ಅವೇ ನಮ್ಮ ಕಡೆ ಬರುತ್ತಿದ್ದವು.

ಆದರೂ ಗಿರಿಜಾ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಪೂರ್ತಿ ದಿನವನ್ನು ಬರೆದಳು. ಐದಕ್ಕೆ ಏಳುವುದು. ಆರಕ್ಕೆ ಬಸ್ಸು. ರೊಟ್ಟಿ, ಶೇಂಗಾ ಚಟ್ನಿ ಮನೆಯಿಂದ. ಒಂಬತ್ತೂವರೆಗೆ ಊರು ಮುಟ್ಟುವುದು. ಅದರ ಕೆಳಗೆ "ಕುಂತು ನೋಡುವುದು" ಎಂದು ಬರೆದು ಮೂರು ತಾಸು ಇಟ್ಟಿದ್ದಳು.

"ಮೂರು ತಾಸು ಕುಂತು ಏನ್ ನೋಡ್ತೀಯ?" ಎಂದು ಕೇಳಿದೆ.

"ನಾ ದಿನಾ ಓಡತೇನಣ್ಣಾ. ಒಂದಿನ ಕುಂದರತೇನಿ," ಎಂದಳು.

ಬೆಂಗಳೂರಿನಲ್ಲಿ ನಮ್ಮನ್ನು ಒಂದು ಶಾಲೆಯಲ್ಲಿ ಇಳಿಸಿದ್ದರು. ಮೊದಲನೇ ದಿನದ ಆಟ ಬೆಳಿಗ್ಗೆಯೇ ಮುಗಿಯಿತು, ಗೆದ್ದರು. ಸರ್ ಖುಷಿಯಲ್ಲಿದ್ದರು. ಅವರನ್ನು ಕೇಳುವ ಕೆಲಸ ನನ್ನದಾಗಿತ್ತು. ಕೇಳಿದೆ. ಅವರು ಒಂದು ಗಳಿಗೆಯೂ ವಿಚಾರ ಮಾಡಲಿಲ್ಲ.

"ನೀ ಜೊತಿಗಿದ್ದಮ್ಯಾಲ ನಂದೇನೈತಿ? ಹೋಗಿ ಬರ್ರಿ. ಹೊತ್ತು ಮುಣಗೂದ್ರಾಗ ಬಂದುಬಿಡ್ರಿ, ಮರುದಿನ ಆಟ ಐತಿ." ಹೀಗೆ ಹೇಳಿ ತಮ್ಮ ತಲೆಯ ಮೇಲಿನ ಬಿಳಿ ಟೋಪಿ ತೆಗೆದು ನನ್ನ ಕೈಗಿಟ್ಟರು. "ಇದನ್ನ ಅಕಿಗೆ ಹಾಕ್ಕೊಳ್ಳಾಕ ಹೇಳು. ಬಿಸಲು ಹತ್ತಿದ್ರ ಓಡಾಕಾಗಂಗಿಲ್ಲ."

ನಾಳೆ ಯಾವ ಬಸ್ಸು, ಎಲ್ಲಿ ಹತ್ತುವುದು ಎಂದು ನೋಡಿಕೊಂಡು ಬರುತ್ತೇನೆಂದು ನಾನು ಮಧ್ಯಾಹ್ನ ಮೂರಕ್ಕೆ ಹೊರಬಿದ್ದೆ. ಟೋಪಿ ಅಂಗಿಯ ಒಳಗಿತ್ತು. ಮೈಸೂರಿನ ಬಸ್ಸು ಹೊರಡುವ ನಿಲ್ದಾಣಕ್ಕೆ ಮೊದಲು ಸಿಟಿ ಬಸ್ಸಿನಲ್ಲಿ ಹೋಗಬೇಕು. ಸಿಟಿ ಬಸ್ಸಿನ ಸ್ಟಾಪಿನಲ್ಲಿ ನಿಂತಿದ್ದ ಒಬ್ಬರನ್ನು ಕೇಳಿದೆ. "ಬೋರ್ಡ್‌ನಲ್ಲಿ ಬರತ್ತೆ ನೋಡ್ಕೊಳಿ," ಎಂದು ಅವರು ಫೋನಿನ ಕಡೆ ತಿರುಗಿದರು. ತಪ್ಪೇನೂ ಅಲ್ಲ. ಪ್ರತಿ ಬಸ್ಸಿನ ನೆತ್ತಿಯ ಬೋರ್ಡಿನಲ್ಲಿ ಬರುತ್ತಿತ್ತು. ಕೆಂಪು ದೀಪದ ಅಕ್ಷರಗಳು ಒಂದರ ಹಿಂದೊಂದು ಓಡುತ್ತಿದ್ದವು. ನಾನು ಮೊದಲನೆಯದನ್ನು ಹಿಡಿದು ಎರಡನೆಯದಕ್ಕೆ ಕೂಡಿಸುವಷ್ಟರಲ್ಲಿ ಮೊದಲನೆಯದು ಬೋರ್ಡಿನ ಆಚೆ ದಂಡೆಗೆ ಹೋಗಿ ಮಾಯವಾಗುತ್ತಿತ್ತು. ಮೂರನೆಯದಕ್ಕೆ ಬರುವಷ್ಟರಲ್ಲಿ ಇಂಗ್ಲಿಷ್ ಶುರುವಾಗುತ್ತಿತ್ತು. ಅಷ್ಟರಲ್ಲಿ ಬಸ್ಸು ಹೊರಡುತ್ತಿತ್ತು. ನಿಂತ ಅಕ್ಷರಗಳೊಡನೆಯೇ ಕಷ್ಟಪಟ್ಟವನಿಗೆ ಓಡುವ ಅಕ್ಷರಗಳು ಸಿಕ್ಕವು.

ಒಂದು ಬಸ್ಸನ್ನು ಅಂದಾಜಿನ ಮೇಲೆ ಹತ್ತಿದೆ. "ಇದು ಆ ಕಡೆ ಹೋಗಲ್ಲ. ಬೋರ್ಡ್ ನೋಡಿ ಹತ್ತಲ್ವೇನ್ರೀ?" ಎಂದ ಕಂಡಕ್ಟರ್. ಬಸ್ಸಿನಲ್ಲಿ ಯಾರೂ ನಗಲಿಲ್ಲ. ನಕ್ಕರೆಂದೇ ನನಗನಿಸಿತು. ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ವಾಪಸು ಬಂದೆ. ಮತ್ತೆ ಯಾರನ್ನೂ ಕೇಳಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೆ ಅಲ್ಲೇ ನಿಂತಿದ್ದೆ. ನಾಳೆ ತಂಗಿಯ ಎದುರಿಗೆ ಹೀಗೇ ಬೋರ್ಡು ನೋಡುತ್ತ ನಿಲ್ಲಬೇಕಾಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

ಗಿರಿಜಾ ಶಾಲೆಯ ಗೇಟಿನಲ್ಲೇ ಕಾಯುತ್ತಿದ್ದಳು. ರೊಟ್ಟಿಯನ್ನು ಆಗಲೇ ಬೇರೆ ಚೀಲಕ್ಕೆ ಹಾಕಿದ್ದಳು.

"ಎಷ್ಟನೇ ನಂಬರ್ ಬಸ್ಸಣ್ಣಾ?"

"ಹೋಗೂದಿಲ್ಲ ಗಿರ್ಜಿ. ಸರ್ ಬ್ಯಾಡ ಅಂದ್ರು."

"ಯಾಕಂತ?"

"ಆಡಾಕ ಬಂದೀರೋ ತಿರಗಾಕ ಬಂದೀರೋ ಅಂದ್ರು."

ಓದಲು ಅಷ್ಟು ತಡವರಿಸುವ ನಾನು ಈ ಮಾತನ್ನು ಎಲ್ಲೂ ನಿಲ್ಲದೆ ಹೇಳಿದೆ. ಗಿರಿಜಾ ಅಳಲಿಲ್ಲ. ರೊಟ್ಟಿಯ ಚೀಲವನ್ನು ಒಳಗೆ ಒಯ್ದು ಎಲ್ಲ ಹುಡುಗಿಯರಿಗೂ ಹಂಚಿಬಿಟ್ಟಳು. ನನಗೂ ಒಂದು ಬಂತು, ತಿಂದೆ. ಮರುದಿನ ಸರ್, "ಯಾಕ, ಹೋಗಲಿಲ್ಲೇನು?" ಎಂದು ಕೇಳಿದಾಗ, "ಅಕಿಗೆ ತಲಿನೋವ್ರಿ," ಎಂದೆ. ಇಬ್ಬರಿಗೂ ಒಂದೊಂದು ಸುಳ್ಳು ಕೊಟ್ಟ ಮೇಲೆ ಅವರು ಒಬ್ಬರನ್ನೊಬ್ಬರು ಕೇಳದಿದ್ದರೆ ಸಾಕಾಗಿತ್ತು. ಅವರು ಕೇಳಲಿಲ್ಲ. ಗಿರಿಜಾ ಸರ್ ಇದ್ದ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಮೂರನೇ ದಿನದ ಆಟದಲ್ಲಿ ಗೆರೆಯ ಆಚೆಯಿಂದ ಸರ್ ಕೂಗಿ ಹೇಳಿದ್ದು ಯಾವುದೂ ಅವಳ ಕಿವಿಗೆ ಬೀಳಲಿಲ್ಲ. ಸೋತರು. ಅದು ಅವಳೊಬ್ಬಳಿಂದಲೇ ಆದ ಸೋಲಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ನಿಮಗೆ ಇದನ್ನು ಹೇಳುತ್ತಿರಲಿಲ್ಲ. ತಿಂಗಳಾದ ಮೇಲೆ ಸರ್ ಹಲಗೇರಿಗೆ ನಮ್ಮ ಮನೆಗೆ ಬಂದರು. ಗಿರಿಜಾಳಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ ಸಿಗುವಂತಿತ್ತು. ಊಟ, ಓದು, ಆಟ ಎಲ್ಲ ಅಲ್ಲೇ. ಸರ್ ಫಾರ್ಮ್ ತಾವೇ ತುಂಬಿ ತಂದಿದ್ದರು. ಅವಳ ಸಹಿ ಒಂದು ಬೇಕಾಗಿತ್ತು. ಗಿರಿಜಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. "ಒಂದಿನ ಬಿಡಲಾರದವ್ರು ಹೇಳಿದಲ್ಲೆ ನಾ ವರ್ಷಗಟ್ಟಲೆ ಇರಂಗಿಲ್ಲ. ಆಟಾನೂ ಬ್ಯಾಡ ನನಗ," ಎಂದು ಅವ್ವನಿಗೆ ಒಳಗೇ ಹೇಳಿದಳು. ಅವ್ವ ಬೈದಳು, ಬೇಡಿಕೊಂಡಳು. ಚಹಾ ತಗೊಂಡು ಹೊರಗೆ ಬಂದವನು ನಾನು.

ಸರ್ ಚಹಾದ ಬಸಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು: "ನನ್ನಿಂದೇನರ ತಪ್ಪಾಗೇತೇನಪಾ? ಬೆಂಗಳೂರಿಂದ ಬಂದಾಗಿಂದ ಮಾರಿ ಕೊಟ್ಟು ಮಾತಾಡವಲ್ಲಳು. ನೀನರ ಹೇಳು."

ಹೇಳಲು ಎಂಟು ಹತ್ತು ಮಾತು ಸಾಕಾಗುತ್ತಿದ್ದವು. ನಾನು ಹೇಳಿದ್ದು ಇದು: "ಹುಡುಗ್ಯಾರ ಮನಸ್ರೀ ಸರ್. ಏನಂತ ಹೇಳಾಕ ಬರ್ತತಿ."

ಅವರು ಚಹಾ ಕುಡಿದು, ಫಾರ್ಮನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದರು. ಟೋಪಿಯ ಮಾತು ತೆಗೆಯಲಿಲ್ಲ. ಮರೆತಿದ್ದರೋ, ಕೇಳಬಾರದೆಂದು ಬಿಟ್ಟರೋ ಗೊತ್ತಿಲ್ಲ.

ಆಮೇಲೆ ಗಿರಿಜಾ ಆಡಲಿಲ್ಲ. ಓದು ಮುಗಿಸಿದಳು, ಕರ್ಜಗಿಗೆ ಕೊಟ್ಟೆವು. ಒಳ್ಳೆಯ ಮನೆ, ಹೊಲ ಇದೆ, ಒಬ್ಬ ಮಗಳಿದ್ದಾಳೆ. ಅವಳೇನೂ ದುಃಖದಲ್ಲಿಲ್ಲ, ಹಾಗೆಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ನಾನೂ ಈಗ ಓದುತ್ತೇನೆ. ಮೆಣಸಿನಕಾಯಿ ಸೀಜನ್ನಿನಲ್ಲಿ ಮಾರ್ಕೆಟ್ ಯಾರ್ಡಿನ ಮುಂದೆ ಗಾಡಿಗಳ ಸಾಲು ಅರ್ಧ ದಿನ ಕದಲುವುದಿಲ್ಲ. ಆ ಸಾಲಿನಲ್ಲಿ ಕೂತು ಪೇಪರಿನ ಒಂದೊಂದು ಸಾಲನ್ನೂ ತಿದ್ದಿ ತಿದ್ದಿ ಓದಿದೆ. ಮೊದಲ ವರ್ಷ ದಿನಕ್ಕೊಂದು ಸುದ್ದಿ, ಆಮೇಲೆ ಒಂದು ಪುಟ, ಈಗ ಪೂರ್ತಿ ಪೇಪರು. ಯಾರಿಗೂ ಹೇಳದೆ ಕಲಿತೆ. ಬರುತ್ತಿರಲಿಲ್ಲ ಎಂದು ಹೇಳದೆ ಇದ್ದವನು ಬಂತು ಎಂದು ಯಾರಿಗೆ ಹೇಳಲಿ?

ಹೋದ ಐತವಾರ, ಗಾಡಿ ಕೊಡುವ ಮುಂಚಿನ ದಿನ, ಟೋಪಿ ತಗೊಂಡು ಕರ್ಜಗಿಗೆ ಹೋದೆ. ಗಿರಿಜಾ ಅಂಗಳದಲ್ಲಿ ಹರವಿದ ಮೆಣಸಿನಕಾಯಿ ತಿರುವಿ ಹಾಕುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬೋರ್ಡು, ಕಂಡಕ್ಟರ್, ಗೇಟು, ತಲೆನೋವು, ಚಹಾ. ಅವಳ ಕೈ ನಿಲ್ಲಲಿಲ್ಲ. ಆ ಸಾಲು ಮುಗಿಯುವವರೆಗೆ ತಿರುವಿ, ಆಮೇಲೆ ಕೇಳಿದಳು.

"ಹಂಗಾರ ಸರ್ ಬ್ಯಾಡ ಅಂದಿರಲಿಲ್ಲ."

"ಇಲ್ಲ."

"ಟೋಪಿ ಕೊಟ್ಟಿದ್ರು. ನನಗ ಬಿಸಲು ಹತ್ತಬಾರದಂತ."

"ಹೂಂ."

ಟೋಪಿಯನ್ನು ತಿರುಗಿಸಿ ನೋಡಿದಳು. ಸೀನಿದಳು. ಮೂಗು ಒರೆಸಿಕೊಂಡು, "ನನಗ ಓದಾಕ ಬರ್ತಿತ್ತಲ್ಲೋ ಅಣ್ಣಾ," ಎಂದಳು. "ನೀ ಬರೇ ಜೊತಿಗೆ ಬಂದಿದ್ರ ಸಾಕಾಗಿತ್ತು. ಬೋರ್ಡು ನಾ ಓದತಿದ್ದೆ."

ಹನ್ನೆರಡು ವರ್ಷದಲ್ಲಿ ಈ ಮಾತು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಕರೆದುಕೊಂಡು ಹೋಗುವವನು ಅಣ್ಣ, ಓದಬೇಕಾದವನೂ ಅಣ್ಣನೇ ಎಂದು ನಾನು ಹಿಡಿದು ಕೂತಿದ್ದೆ. ಕಾಲೇಜಿಗೆ ಹೋಗುವ ಹುಡುಗಿ ಪಕ್ಕದಲ್ಲೇ ಇರುತ್ತಿದ್ದಳು.

ಅವಳು ಒಳಗೆ ಹೋದಳು. ಇನ್ನು ಹೊರಗೆ ಬರುವುದಿಲ್ಲ ಎಂದುಕೊಂಡೆ. ಕೈಕಾಲು ತೊಳೆದು, ಸೀರೆ ಬದಲಾಯಿಸಿ ಬಂದು ಗಾಡಿಯಲ್ಲಿ ಕೂತಳು.

"ನಡಿ, ರಾಣೇಬೆನ್ನೂರಿಗೆ. ಸರ್ ಎದುರಿಗೆ ಬಂದಾಗೆಲ್ಲ ನಾ ಮಾರಿ ತಿರುವೇನಿ. ಸಂತ್ಯಾಗ ಒಮ್ಮೆ ಹೆಸರು ಹಿಡದು ಕರದ್ರು, ಕೇಳದಂಗ ಹೋಗೇನಿ."

ಹಾವೇರಿ ಮುಟ್ಟಿದೆವು. ಬಸ್ ಸ್ಟ್ಯಾಂಡಿನ ಹತ್ತಿರ ಎದುರಿಗೆ ಒಂದು ಬಸ್ಸು ನಿಂತಿತ್ತು. ನೆತ್ತಿಯ ಮೇಲೆ ಅದೇ ಓಡುವ ಅಕ್ಷರ.

"ಓದು," ಎಂದಳು.

"ಗುತ್ತಲ," ಎಂದೆ. ಇಂಗ್ಲಿಷ್ ಬರುವ ಮುಂಚೆಯೇ.

"ಮುಂದಿಂದು."

ಹೆದ್ದಾರಿಯ ಉದ್ದಕ್ಕೂ ಓದಿಸಿದಳು. ಧಾಬಾ, ಬೀಜದ ಅಂಗಡಿ, ಪೆಟ್ರೋಲ್ ಬಂಕು, ಬ್ಯಾಡಗಿಗೆ ತಿರುಗುವ ದಾರಿಯ ಕಲ್ಲು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಟೋಪಿ ಅವಳ ತೊಡೆಯ ಮೇಲಿತ್ತು. ಸರ್ ಮನೆಯ ಗೇಟಿಗೆ ಅವರ ಹೆಸರಿನ ಫಲಕ ಇತ್ತು. ಅದನ್ನೂ ಓದಿಸಿದಳು. ಆಮೇಲೆ ಟೋಪಿಯನ್ನು ನನ್ನ ಕೈಗೆ ಕೊಟ್ಟು, "ನೀ ಹೇಳು," ಎಂದು ಗಂಟೆ ಒತ್ತಿದಳು.