ದ್ವೀಪದ ಬಿಸಿಲಿಗೆ ಹಾಕಿದ ರೊಟ್ಟಿ

ಅಂಡಮಾನಿನ ಈ ಪುಟ್ಟ ದ್ವೀಪಕ್ಕೆ ನಾನೂ ನಾದಿನಿ ಗಂಗವ್ವನೂ ಬಂದು ಇದು ಎರಡನೆಯ ದಿನ. ಮೀನು ಬೇಯುವ ಹೋಟೆಲಿನ ಅಡುಗೆಮನೆಯ ಊಟ ಬೇಡವೆಂದು ಗಂಗವ್ವ ತನ್ನೂರು ಶಲವಡಿಯಿಂದ ನಾಲ್ಕು ದಿನಕ್ಕಾಗುವಷ್ಟು ಖಡಕ್ ರೊಟ್ಟಿ ತಂದಿದ್ದಾಳೆ. ಊರಲ್ಲಿ ತಿಂಗಳಿಟ್ಟರೂ ಮುರಿದರೆ ಸದ್ದು ಮಾಡುವ ರೊಟ್ಟಿ ಇಂದು ಬೆಳಿಗ್ಗೆ ಹಸಿ ಬಟ್ಟೆಯಂತೆ ಮಡಚಿಕೊಂಡಿತು. ಕಾನ್ವೆಂಟಿನ ಜಿಯಾಗ್ರಫಿ ಕ್ಲಾಸಿನಲ್ಲಿ ಹ್ಯುಮಿಡಿಟಿ ಎಂಬುದನ್ನು ಬಾಯಿಪಾಠ ಮಾಡಿದ್ದೆ. ಕೈಗೆ ಸಿಕ್ಕಿದ್ದು ಈ ವಯಸ್ಸಿನಲ್ಲಿ.

"ಬಿಸಲಿಗೆ ಹಾಕಿದ್ರ ಸರಿ ಹೋಗ್ತಾವ ತಗೋರಿ ವೈನಿ," ಎಂದ ಗಂಗವ್ವ, ಮನೆಯ ಮಾಳಿಗೆಯ ಮೇಲೆ ಹರವುವಂತೆ, ಬೀಚಿನ ಮರಳಲ್ಲಿ ಹಳೆಯ ಸೀರೆ ಹಾಸಿ ರೊಟ್ಟಿ ಹರವಿದಳು. ನಾವು ನೀರಿಗಿಳಿದು ಕಾಲು ತೋಯಿಸಿಕೊಂಡು ಬರುವಷ್ಟರಲ್ಲಿ ಸೀರೆಯ ತುಂಬ ಶಂಖಗಳು ನಡೆದಾಡುತ್ತಿದ್ದವು. ಒಂದೊಂದರೊಳಗೂ ಒಂದು ಏಡಿ, ಹರ್ಮಿಟ್ ಕ್ರ್ಯಾಬ್. ರೊಟ್ಟಿಯನ್ನು ಚಿವುಟಿ ಚಿವುಟಿ ತಿನ್ನುತ್ತಿದ್ದವು.

"ಓಡಸೂಣೇನು?" ಎಂದೆ.

"ಎಂಜಲಾದ್ವು, ಇನ್ನ ಓಡಿಸಿ ಏನ್ ಮಾಡೂದೈತಿ. ಊರಾಗ ಕಾಗಿ ಕಾಯ್ತಿದ್ದೆ. ಶಂಖ ಬಂದು ರೊಟ್ಟಿ ತಿಂತಾವಂತ ಯಾರಿಗೆ ಗೊತ್ತಿತ್ರಿ?"

ಉಳಿದ ದಿನಗಳ ಊಟವೆಲ್ಲ ಹೋಗಿತ್ತು. ಗಂಗವ್ವ ಸ್ವಲ್ಪ ಹೊತ್ತು ಅವು ತಿನ್ನುವುದನ್ನೇ ನೋಡುತ್ತ ಕೂತಳು. ಆಮೇಲೆ ಹೇಳಿದಳು: "ವೈನಿ, ಹೋಟೆಲಿನವ್ರಿಗೆ ಇಂಗ್ಲಿಷಿನ್ಯಾಗ ಕೇಳ್ರಿ. ಒಂದು ಹೊಸಾ ಬೋಗುಣಿ ಕೊಟ್ರ ಸಾಕು. ಒಲಿ ಅವರದ ಇರ್ಲಿ, ಅನ್ನಾ ನಾನ ಮಾಡ್ಕೊಂತೀನಿ."