ಕೆಸುವಿಗೆ ಮೊದಲ ತುತ್ತು

ಅಮ್ಮನ ಕಣ್ಣಿಗೆ ಸಕ್ಕರೆ ಕಾಯಿಲೆ ಇಳಿದಿದೆ ಎಂದು ಸಾಗರದ ಡಾಕ್ಟರು ಹೇಳಿದಾಗ, ಅವಳಿಗೆಂದೇ ಕೊಂಡ ಬಿಸ್ಕತ್ತಿನ ಪೊಟ್ಟಣ ನನ್ನ ಬ್ಯಾಗಿನಲ್ಲೇ ಇತ್ತು. ಅದರ ಮೇಲೆ ‘ಸಕ್ಕರೆ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಹೊಸನಗರದ ಕಚೇರಿಯೊಂದರಲ್ಲಿ ಗುಮಾಸ್ತೆ. ಬೆಳಿಗ್ಗೆ ಹೊರಟರೆ ಮನೆ ಸೇರುವುದು ಸಂಜೆಗೆ. ಹಗಲೆಲ್ಲ ಒಬ್ಬಳೇ ಇರುವ ಅಮ್ಮನಿಗೆ ಬಿಸಿನೀರು ಸುರಿದರೆ ಆಗಿಬಿಡುವ ಉಪ್ಪಿಟ್ಟು, ಸೂಪಿನ ಪುಡಿ, ಬಿಸ್ಕತ್ತು ಎಲ್ಲವನ್ನೂ ಕೈಗೆ ಸಿಗುವಂತೆ ಜೋಡಿಸಿಟ್ಟು, ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದು ಬೀಗುತ್ತಿದ್ದೆ. ಅಮ್ಮನ ಊಟ ತಿಂಡಿ ಕೇಳಿಕೊಂಡು, ಮಾತ್ರೆಯಷ್ಟೇ ಸಾಲದು, ಸಕ್ಕರೆ ಇಲ್ಲದಿದ್ದರೂ ಹಿಟ್ಟೇ ತುಂಬಿದ ಈ ಪೊಟ್ಟಣಗಳು ನಿಲ್ಲಬೇಕು, ಅನ್ನ ಇಳಿದು ಸೊಪ್ಪು ಏರಬೇಕು ಎಂದರು ಡಾಕ್ಟರು. ಹೋದ ದೃಷ್ಟಿ ಬರುವುದಿಲ್ಲ, ಉಳಿದಿದ್ದನ್ನು ಉಳಿಸಿಕೊಳ್ಳಿ ಎಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಗೊತ್ತಾಗಲಿಲ್ಲ.

ಪೊಟ್ಟಣಗಳನ್ನು ಅವತ್ತೇ ಬಿಟ್ಟೆ. ಪೊಟ್ಟಣದ ಬುದ್ಧಿ ಮಾತ್ರ ಬಿಡಲಿಲ್ಲ. ಅದೇ ವಾರ ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವಲ್ಲಿ ಬೆಳೆದ ಕೆಸುವಿನ ಎಲೆ ಕೊಯ್ದು ಕರಕಲಿ ಮಾಡಲು ಹೊರಟೆ. ಹಸಿಮೆಣಸು, ಹುಳಿ ಹಾಕಿ, ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡುವ ಪದಾರ್ಥ ಅದು. ನಾನು ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ, ಹುಳಿಯನ್ನು ಒಂದೇ ಚೂರು ಹಾಕಿ ಇಳಿಸಿದೆ. ಅಮ್ಮನ ಪಾಲು ಮುಚ್ಚಿಟ್ಟು, ಉಳಿದದ್ದನ್ನು ಡಬ್ಬಿಗೆ ತುಂಬಿ ಕಚೇರಿಗೆ ಒಯ್ದೆ. ಮಧ್ಯಾಹ್ನ ಊಟಕ್ಕೆ ಕೂತವರಿಗೆಲ್ಲ, ಪೊಟ್ಟಣದ ತಿಂಡಿಯ ಕೇಡಿನ ಬಗ್ಗೆ ಭಾಷಣದ ಸಮೇತ ಬಡಿಸಿದೆ.

ಭಾಷಣ ಮುಗಿಯುವ ಮೊದಲೇ ಒಬ್ಬರು ಕೆಮ್ಮಿದರು. ಆಮೇಲೆ ಎಲ್ಲರ ಬಾಯಿ, ಗಂಟಲು ಕೆರೆಯತೊಡಗಿತು. ಸಾಹೇಬರು ಸಂಜೆಯವರೆಗೂ ಕೈಸನ್ನೆಯಲ್ಲೇ ಕಡತ ಕೇಳಿದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಇಡೀ ಕಚೇರಿ ಉಂಡಿತ್ತು. ಅಮ್ಮನ ನೆನಪಾಗಿ ಓಡಿಹೋಗಿ ಫೋನು ಮಾಡಿದೆ. ಅವಳು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ, ಅತ್ತ ಸರಿಸಿ, ಮಜ್ಜಿಗೆ ಅನ್ನ ಉಂಡಿದ್ದಳಂತೆ.

ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ನೀನು ಮೊದ್ಲು ಬಾಯಿಗೆ ಹಾಕ್ಕಂಡು ನೋಡಿದ್ಯಾ?”

ಬಡಿಸುವ ಮೊದಲು ಅಡುಗೆ ಮಾಡಿದವಳು ರುಚಿ ನೋಡಬಾರದು ಎಂದು ಕಲಿಸಿದ್ದು ನೀನೇ ಅಲ್ಲವೇ ಎಂದು ರೇಗಿದೆ.

“ಕೆಸುವಿಗೆ ಆ ಮಾತಿಲ್ಲ. ಕೆರೆಯೋದಾದ್ರೆ ಮಾಡ್ದವಳ ಬಾಯಿ ಕೆರೀಲಿ. ಉಂಬೋರದ್ದಲ್ಲ.”

ಭಾನುವಾರ ಅಮ್ಮ ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಳು. ಎಲೆಯ ನಾರು ತೆಗೆಸಿದಳು. ಒಣಗಿಸಿಟ್ಟ ವಾಟೆಹುಳಿಯನ್ನು ಹಿಡಿ ತುಂಬ ಹಾಕಿಸಿದಳು. ಪಾತ್ರೆಯೊಳಗೆ ಏನಾಗುತ್ತಿದೆ ಎಂದು ಅವಳಿಗೆ ಕಾಣುತ್ತಿರಲಿಲ್ಲ. ಕುದಿಯುವ ಸದ್ದು ಕೇಳಿಯೇ ನೀರು ಹಾಕು, ಉರಿ ತಗ್ಗಿಸು, ತಳ ಕೆದಕು ಎನ್ನುತ್ತಿದ್ದಳು. ಬೆಳಿಗ್ಗೆ ಇಟ್ಟ ಪಾತ್ರೆ ಇಳಿಯುವಾಗ ಮಧ್ಯಾಹ್ನ ದಾಟಿತ್ತು. ಆಮೇಲೆ ಬೆರಳ ತುದಿಯಷ್ಟನ್ನು ನಾಲಿಗೆಗೆ ಹಚ್ಚಿಕೊಂಡು, ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತಳು. ಕೆಸು ತಕ್ಷಣ ಹೇಳುವುದಿಲ್ಲ, ಕಾಯಬೇಕು. ಜನ್ಮವಿಡೀ ಎಲ್ಲರ ಊಟವಾದ ಮೇಲೆ ಉಂಡವಳು ಈ ಒಂದು ಪದಾರ್ಥಕ್ಕೆ ಮಾತ್ರ ಎಲ್ಲರಿಗಿಂತ ಮುಂದೆ ಕೂತಿದ್ದಳು. ನಾನು ಅವಳನ್ನೇ ನೋಡುತ್ತಿದ್ದೆ. ಬಾಯಿ ಕೆರೆಯುವ ಎಲೆಯನ್ನು ಬಿಟ್ಟುಹಾಕದೆ, ಹುಳಿ ಹಾಕಿ ನೋಡುತ್ತೇನೆ, ಇನ್ನೊಂದಷ್ಟು ಕುದಿಸುತ್ತೇನೆ ಎಂದು ಹಟ ಹಿಡಿದ ಮೊದಲ ಹೆಂಗಸು ಯಾರಿರಬಹುದು? ಎಷ್ಟು ಸಲ ಹೀಗೆ ಕಾದು, ಗಂಟಲು ಕೆಡಿಸಿಕೊಂಡು, ಮತ್ತೆ ಒಲೆ ಹೊತ್ತಿಸಿರಬೇಕು ಅವಳು? ಅವಳ ಮುಂದೆ ನಾನು ತೀರಾ ಸಣ್ಣವಳು ಅನ್ನಿಸಿತು. ಅಷ್ಟರಲ್ಲಿ ಅಮ್ಮ, ಆಯಿತು ಬಡಿಸು ಎಂದಳು.

ಅಲ್ಲಿಂದಾಚೆಗೆ ಬೆಳಿಗ್ಗೆ ಒಂದು ಗಂಟೆ ಮೊದಲೇ ಏಳುತ್ತೇನೆ. ಒಂದೆಲಗದ ತಂಬುಳಿಯೋ ಬಸಳೆಯ ಹುಳಿಯೋ ಏನೋ ಒಂದು ಮಾಡಿಟ್ಟು ಹೊರಡುತ್ತೇನೆ. ಸುಲಭವೇನಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುವ ಚಿಪ್ಸ್ ಮಾಲೆ ಈಗಲೂ ಹೆಸರು ಹಿಡಿದು ಕರೆಯುತ್ತದೆ, ಎರಡು ಸಲ ಸೋತಿದ್ದೂ ಉಂಟು. ಆದರೆ ಮನೆಯೊಳಗೆ ತಂದಿಲ್ಲ. ಅಮ್ಮ ಎಂದೂ ಬಿಸ್ಕತ್ತು ಕೇಳಲಿಲ್ಲ. ಇಷ್ಟು ದಿನ ಯಾಕೆ ತಿಂದೆ ಎಂದು ಕೇಳಿದ್ದಕ್ಕೆ, ನೀನು ಆಸೆಯಿಂದ ತಂದಿರುತ್ತಿದ್ದೆಯಲ್ಲ ಎಂದಳು.

ಕೆಲವು ತಿಂಗಳ ಮೇಲೆ ಮತ್ತೆ ಸಾಗರಕ್ಕೆ ಹೋದೆವು. ಡಾಕ್ಟರು ಎರಡೂ ಕಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕೆಟ್ಟದ್ದು ಸರಿಯಾಗಿಲ್ಲ, ಆದರೆ ಅಲ್ಲಿಗೇ ನಿಂತಿದೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನನ್ನು ಕಿಟಕಿಯ ಕಡೆ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ಅವಳಿಗೆ ತಿಳಿಯದಿರಲೆಂದು ತುಟಿ ಕಚ್ಚಿ, ಸದ್ದಿಲ್ಲದೆ ಅತ್ತೆ.

“ಅಳೋದೆಂತಕ್ಕೆ?” ಎಂದಳು.

ತಿರುಗಿ ನೋಡಿದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.